ಒಬ್ಬರ ಕೇಬಲ್ ಇನ್ನೊಬ್ಬರ ಫೋನಿಗೆ: ಬ್ಯಾಟರಿ ಕೆಡುತ್ತದಾ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಐದು ಫೋನ್ ಇವೆ. ಟಿವಿ ಪಕ್ಕದ ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಮೂರು ಚಾರ್ಜರ್ ಇರುತ್ತವೆ. ಯಾರ ಕೈಗೆ ಯಾವ ಕೇಬಲ್ ಸಿಗುತ್ತದೋ ಅದನ್ನೇ ಚುಚ್ಚುತ್ತೇವೆ. ಪಿಯುಸಿ ಓದುವ ಮಗ ಮಾತ್ರ ತನ್ನ 80 ವ್ಯಾಟ್ ಚಾರ್ಜರ್ ಮುಟ್ಟಲು ಬಿಡುವುದಿಲ್ಲ. ಕೇಬಲ್ ಅದಲು ಬದಲಾದರೆ ಬ್ಯಾಟರಿ ಹಾಳಾಗುತ್ತದೆ ಅಂತ ಜಗಳ ಮಾಡುತ್ತಾನೆ. ನನ್ನ ಫೋನ್ ತಗೊಂಡು ಎರಡೂವರೆ ವರ್ಷ ಆಯಿತು. ಮೊದಲು ರಾತ್ರಿವರೆಗೂ ಬರುತ್ತಿದ್ದ ಚಾರ್ಜ್ ಈಗ ಮಧ್ಯಾಹ್ನ ಮೂರಕ್ಕೆಲ್ಲ ಶೇ. 20ಕ್ಕೆ ಇಳಿಯುತ್ತದೆ. ಕಂಪನಿ ಕೇಬಲ್ ಕಿತ್ತುಹೋದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ನೂರು ರೂಪಾಯಿಗೆ ಎರಡು ಮೀಟರ್ ಕೇಬಲ್ ತಂದೆ. ಅದರಲ್ಲಿ ಫುಲ್ ಆಗಲು ಮೂರೂವರೆ ಗಂಟೆ ಬೇಕು. ಅಂಗಡಿಯವರನ್ನು ಕೇಳಿದರೆ ‘ಕೇಬಲ್ ಬದಲಾಯಿಸಿ ಬದಲಾಯಿಸಿಯೇ ನಿಮ್ಮ ಬ್ಯಾಟರಿ ಹೋಗಿದೆ’ ಎಂದರು. ಒಂದು ಅನುಕೂಲ ಅಂದರೆ ಈ ಕೇಬಲ್ ಮಂಚದವರೆಗೂ ಬರುತ್ತದೆ. ಅಲಾರಂ ಕೇಳಲಿ ಅಂತ ರಾತ್ರಿ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಈಗ ನಾನು ಏನು ಬದಲಾಯಿಸಲಿ? ಕೇಬಲ್ಲೋ, ಬ್ಯಾಟರಿಯೋ, ಫೋನೋ? ಒಬ್ಬೊಬ್ಬರಿಗೂ ಒಂದೊಂದು ಕೇಬಲ್ ಬೇಕಾ? (ಶಾಲಾ ಶಿಕ್ಷಕಿ, ದಾವಣಗೆರೆ)

ಉತ್ತರ: ಕೇಬಲ್ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ದಿಂಬಿನ ಬಗ್ಗೆ ಒಂದೇ ಸಾಲು. ನಾನು ಎರಡೆರಡು ಸಲ ಓದಿದ್ದು ಆ ಸಾಲನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಫೋನಿಗೆ ಇರುವುದು ಎರಡು ತೊಂದರೆ. ಒಂದು, ಚಾರ್ಜ್ ಏರಲು ತುಂಬಾ ಹೊತ್ತು ಹಿಡಿಯುತ್ತಿದೆ. ಇನ್ನೊಂದು, ಏರಿದ ಚಾರ್ಜ್ ನಿಲ್ಲುತ್ತಿಲ್ಲ. ಅಂಗಡಿಯವರು ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ಕೇಬಲ್ ತಲೆಗೆ ಹೊರಿಸಿದ್ದಾರೆ. ಮೊದಲನೆಯದು ಬಹುಪಾಲು ಕೇಬಲ್ಲಿನದೇ ತಪ್ಪು. ಎರಡನೆಯದರಲ್ಲೂ ಕೇಬಲ್ಲಿನ ಪಾತ್ರ ಸ್ವಲ್ಪ ಇದೆ, ಆದರೆ ಅಂಗಡಿಯವರು ಹೇಳಿದ ರೀತಿಯಲ್ಲಿ ಅಲ್ಲ.

ಗೋಡೆಗೆ ಚುಚ್ಚುವುದನ್ನು ನಾವು ಚಾರ್ಜರ್ ಅನ್ನುತ್ತೇವೆ. ಅಸಲಿಗೆ ಅದು ಮನೆಯ 230 ವೋಲ್ಟ್ ಕರೆಂಟನ್ನು 5 ಅಥವಾ 9 ವೋಲ್ಟ್ ಡಿಸಿ ಮಾಡಿ ಕೊಡುವ ಅಡಾಪ್ಟರ್. ಬ್ಯಾಟರಿಗೆ ಎಷ್ಟು ಬಿಡಬೇಕು, ಯಾವಾಗ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಚಿಪ್ ಫೋನಿನ ಒಳಗೇ ಕೂತಿದೆ. ಅದು ಮೊದಮೊದಲು ಜೋರಾಗಿ ತುಂಬುತ್ತದೆ. ಬ್ಯಾಟರಿಯ ವೋಲ್ಟೇಜ್ ಮೇಲಿನ ಮಿತಿ ಮುಟ್ಟಿದ ಮೇಲೆ ಕರೆಂಟನ್ನು ಇಳಿಸುತ್ತಾ ಬರುತ್ತದೆ. ಹಳೆಯ ಬ್ಯಾಟರಿಗಳಲ್ಲಿ ಆ ಮಿತಿ 4.2 ವೋಲ್ಟ್, ಈಗಿನವುಗಳಲ್ಲಿ 4.4ರ ಆಸುಪಾಸು. ಅದಕ್ಕೇ 20ರಿಂದ 60ಕ್ಕೆ ಸರಸರ ಏರಿದ ಚಾರ್ಜ್ 90 ದಾಟಿದ ಮೇಲೆ ಕುಂಟುತ್ತದೆ. ನಿಮ್ಮ ಮಗನ 80 ವ್ಯಾಟ್ ತರಹದ ಚಾರ್ಜರ್‌ಗಳಲ್ಲಿ ಈ ಕೆಲಸದ ಒಂದು ಪಾಲನ್ನು ಅಡಾಪ್ಟರ್ ಮಾಡುತ್ತದೆ. ಆದರೂ ಅದು ಫೋನ್ ಹೇಳಿದ ಮಾತು ಮೀರುವುದಿಲ್ಲ. ಕೇಬಲ್ ಇದರಲ್ಲೆಲ್ಲ ತಲೆ ಹಾಕುವುದೇ ಇಲ್ಲ. ಅದು ದಾರಿ ಅಷ್ಟೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. ಬ್ಯಾಟರಿ ಬಿಚ್ಚಿ ತೆಗೆಯುತ್ತಿದ್ದ ಕಾಲದಲ್ಲಿ ಒಂದು ಕ್ಲಿಪ್ ಚಾರ್ಜರ್ ಬರುತ್ತಿತ್ತು, ನೆನಪಿದೆಯಾ? ಬ್ಯಾಟರಿಯನ್ನು ಹೊರಗೆ ತೆಗೆದು, ಎರಡು ಮುಳ್ಳುಗಳನ್ನು ಪ್ಲಸ್ ಮೈನಸ್‌ಗೆ ಸರಿಯಾಗಿ ಕೂರಿಸಿ, ಕ್ಲಿಪ್ ಒತ್ತಿ ಗೋಡೆಗೆ ಚುಚ್ಚಬೇಕು. ಬಣ್ಣಬಣ್ಣದ ಲೈಟ್ ಮಿನುಗುತ್ತಿತ್ತು. ಫೋನಿನ ಚಿಪ್ಪಿನ ಕಾವಲು ಅಲ್ಲಿ ಇರಲೇ ಇಲ್ಲ. ಕಳಪೆ ಕ್ಲಿಪ್ ಚಾರ್ಜರ್ ಬ್ಯಾಟರಿಯನ್ನು ನೇರವಾಗಿಯೇ ಕೊಲ್ಲಬಹುದಿತ್ತು. ಉಬ್ಬಿದ ಎಷ್ಟೋ ಬ್ಯಾಟರಿಗಳನ್ನು ಆಗ ನೋಡಿದ್ದೇನೆ. ಅದೇ ಹೊತ್ತಿಗೆ, 2007ರ ಆಗಸ್ಟ್‌ನಲ್ಲಿ, ತನ್ನ ಬಿಎಲ್-5ಸಿ ಎಂಬ ಮಾದರಿಯಲ್ಲಿ ಸುಮಾರು 4.6 ಕೋಟಿ ಬ್ಯಾಟರಿಗಳು, ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು ಎಂದು ನೋಕಿಯಾ ಪ್ರಕಟಿಸಿತು. ಬ್ಯಾಟರಿ ಹಿಂದಿನ ನಂಬರ್ ತೋರಿಸಿ ‘ಇದು ಸಿಡಿಯುತ್ತಾ?’ ಅಂತ ಕೇಳಲು ನನ್ನ ರಿಪೇರಿ ಬೆಂಚಿನ ಮುಂದೆಯೂ ಜನ ನಿಂತಿದ್ದರು. 2016ರಲ್ಲಿ ಸ್ಯಾಮ್ಸಂಗ್ ನೋಟ್ 7 ಹೊತ್ತಿಕೊಂಡ ಸುದ್ದಿ ಬಂದಾಗಲೂ ಅದೇ ಗಾಬರಿ. ಎರಡು ಕಡೆಯೂ ದೋಷ ಇದ್ದದ್ದು ಬ್ಯಾಟರಿಯಲ್ಲೇ. ಜನರ ಮನಸ್ಸಿನಲ್ಲಿ ಮಾತ್ರ ‘ಚಾರ್ಜಿಗೆ ಹಾಕಿದ್ದಾಗ ಆಯಿತು’ ಎನ್ನುವುದು ಉಳಿಯಿತು, ಅನುಮಾನ ಚಾರ್ಜರ್ ಮೇಲೆ, ಕೇಬಲ್ ಮೇಲೆ ಕೂತಿತು.

ಈಗ ನಿಮ್ಮ ಮೂರೂವರೆ ಗಂಟೆಯ ವಿಷಯ. ಬೋರ್‌ವೆಲ್ ಹಾಕಿಸಿದ ಯಾರನ್ನಾದರೂ ಕೇಳಿ. ಆಳ ಜಾಸ್ತಿ ಆದಷ್ಟೂ ಮೋಟರ್‌ಗೆ ದಪ್ಪ ಕೇಬಲ್ ಇಳಿಸಬೇಕು, ಇಲ್ಲದಿದ್ದರೆ ಕೆಳಗೆ ವೋಲ್ಟೇಜ್ ಸಿಗುವುದಿಲ್ಲ ಅನ್ನುತ್ತಾರೆ. ಫೋನ್ ಕೇಬಲ್‌ನಲ್ಲೂ ಅದೇ ಲೆಕ್ಕ. ತೆಳು ಕೇಬಲ್‌ಗಳಲ್ಲಿ 28 ಗೇಜ್ ತಂತಿ ಇರುತ್ತದೆ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣದು. 28 ಗೇಜ್ ತಾಮ್ರದ ತಂತಿಯ ತಡೆ ಮೀಟರಿಗೆ ಸುಮಾರು 0.21 ಓಮ್. ಕರೆಂಟ್ ಹೋಗಿ ಬರಬೇಕಲ್ಲ, ಅಲ್ಲಿಗೆ ಒಂದು ಮೀಟರ್ ಕೇಬಲ್‌ನಲ್ಲಿ 0.42 ಓಮ್. 2 ಆಂಪಿಯರ್ ಹರಿದರೆ ದಾರಿಯಲ್ಲೇ 0.85 ವೋಲ್ಟ್ ಕಳೆದುಹೋಗುತ್ತದೆ. ಅಡಾಪ್ಟರ್ 5 ವೋಲ್ಟ್ ಕೊಟ್ಟರೆ ಫೋನಿಗೆ ಮುಟ್ಟುವುದು 4.15. ಅದೇ 24 ಗೇಜ್ ಆದರೆ ಕಳೆಯುವುದು 0.34 ವೋಲ್ಟ್ ಮಾತ್ರ. ನಿಮ್ಮದು ಎರಡು ಮೀಟರ್ ಬೇರೆ. ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಹಾಕಿದ್ದರೆ ತಡೆ ಇನ್ನೂ ಜಾಸ್ತಿ.

ಆದರೆ ಬೋರ್‌ವೆಲ್ ಮೋಟರ್‌ಗೂ ಫೋನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ವೋಲ್ಟೇಜ್ ಬಿದ್ದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಸುಟ್ಟುಕೊಳ್ಳುತ್ತದೆ. ಫೋನಿನ ಚಿಪ್ ಉಲ್ಟಾ. ವೋಲ್ಟೇಜ್ ಕುಸಿಯುತ್ತಿದೆ ಅಂತ ಗೊತ್ತಾದ ಕೂಡಲೇ ಎಳೆಯುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಕೆಟ್ಟ ಕೇಬಲ್‌ನಿಂದ ಆಗುವುದು ನಿಧಾನ ಚಾರ್ಜ್. ನಿಧಾನ ಚಾರ್ಜ್‌ನಿಂದ ಬ್ಯಾಟರಿಗೆ ಹಾನಿ ಇಲ್ಲ. ಬಿಸಿ ಕಡಿಮೆ ಆಗುವುದರಿಂದ ಬ್ಯಾಟರಿಗೆ ಅದು ಹಿತವೇ. ನಿಮ್ಮ ತಾಳ್ಮೆಗೆ ಮಾತ್ರ ಹಾನಿ.

ಇನ್ನೊಂದು ಸಾಧ್ಯತೆಯೂ ಇದೆ. ಅಗ್ಗದ ಕೆಲವು ಕೇಬಲ್‌ಗಳ ಒಳಗೆ ಎರಡೇ ತಂತಿ. ಡೇಟಾ ತಂತಿಗಳನ್ನು ಉಳಿಸಿಬಿಡುತ್ತಾರೆ. ಇದು ಅಡಾಪ್ಟರ್ರೋ, ಕಂಪ್ಯೂಟರ್ರೋ ಎಂದು ಫೋನ್ ತಿಳಿದುಕೊಳ್ಳುವುದು, ಎಷ್ಟೋ ಫಾಸ್ಟ್ ಚಾರ್ಜರ್‌ಗಳು ಫೋನ್ ಜೊತೆ ಮಾತಾಡುವುದು, ಎಲ್ಲ ಆ ಡೇಟಾ ತಂತಿಯ ಮೂಲಕವೇ. ತಂತಿ ಇಲ್ಲದಿದ್ದರೆ ಮಾತುಕತೆ ಇಲ್ಲ. ಫೋನ್ ಹುಷಾರಾಗಿ ಅರ್ಧ ಆಂಪಿಯರ್ ಎಳೆದುಕೊಂಡು ಕೂರುತ್ತದೆ. ಪರೀಕ್ಷೆ ಸುಲಭ. ಆ ಕೇಬಲ್‌ನಲ್ಲಿ ಫೋನನ್ನು ಕಂಪ್ಯೂಟರ್‌ಗೆ ಸೇರಿಸಿ. ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆಯ್ಕೆಯೇ ಬಾರದೆ ಬರೀ ಚಾರ್ಜ್ ಆದರೆ ಅದು ಎರಡು ತಂತಿಯ ಕೇಬಲ್ ಇರಬಹುದು.

ಇಲ್ಲಿ ನಿಮ್ಮ ಮಗನ ವಾದಕ್ಕೆ ಬರಬೇಕು. ಅವನದು ಅರ್ಧ ಸರಿ. ವಿಪರೀತ ವೇಗದ ಚಾರ್ಜಿಂಗ್‌ನಲ್ಲಿ ಅಡಾಪ್ಟರ್, ಕೇಬಲ್, ಫೋನ್ ಮೂರೂ ಒಂದೇ ಭಾಷೆಯವಾಗಿರಬೇಕು. 2014ರಲ್ಲಿ ಒಪ್ಪೋ ತನ್ನ ವೂಕ್ ಚಾರ್ಜಿಂಗ್ ತಂದಾಗ ಕೇಬಲ್ಲೇ ಬೇರೆ ಇತ್ತು. ಆಮೇಲೆ ಒನ್‌ಪ್ಲಸ್‌ನ ಕೆಂಪು ಕೇಬಲ್ ಬಂತು. ಒಳಗೆ ದಪ್ಪ ತಂತಿ, ಜಾಸ್ತಿ ಆಂಪಿಯರ್ ತಡೆಯುವ ಪಿನ್. ಲ್ಯಾಪ್‌ಟಾಪ್‌ಗೂ ಆಗುವ ಪಿಡಿ (ಪವರ್ ಡೆಲಿವರಿ) ಚಾರ್ಜಿಂಗ್‌ನಲ್ಲಿ ನಿಯಮ ಇನ್ನೂ ಸ್ಪಷ್ಟ. ಎರಡೂ ತುದಿಯಲ್ಲಿ ಟೈಪ್-ಸಿ ಪಿನ್ ಇರುವ ಸಾಮಾನ್ಯ ಸಿ-ಸಿ ಕೇಬಲ್‌ನಲ್ಲಿ 3 ಆಂಪಿಯರ್‌ವರೆಗೆ, ಅಂದರೆ 60 ವ್ಯಾಟ್‌ವರೆಗೆ ಹರಿಸಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಕೇಬಲ್‌ನ ಪಿನ್ನಿನೊಳಗೆ ‘ನಾನು 5 ಆಂಪಿಯರ್ ತಡೆಯುತ್ತೇನೆ’ ಎಂದು ಹೇಳುವ ಪುಟ್ಟ ಚಿಪ್ ಇರಲೇಬೇಕು. ಇ-ಮಾರ್ಕರ್ ಅಂತ ಅದರ ಹೆಸರು. ಸ್ಯಾಮ್ಸಂಗ್‌ನ 45 ವ್ಯಾಟ್ ಚಾರ್ಜರ್ ತಂದು ಸಾದಾ ಕೇಬಲ್ ಹಾಕಿ ‘25ರಷ್ಟೇ ವೇಗ ಬರುತ್ತಿದೆ’ ಅಂತ ಬೇಸರ ಮಾಡಿಕೊಳ್ಳುವವರ ಸಮಸ್ಯೆಯೂ ಇದೇ: ವ್ಯಾಟ್ 60ಕ್ಕಿಂತ ಕಡಿಮೆಯಾದರೂ ಆ ಚಾರ್ಜರ್ ಪೂರ್ತಿ ವೇಗಕ್ಕೆ 3 ಆಂಪಿಯರ್‌ಗಿಂತ ಹೆಚ್ಚು ಹರಿಸಬೇಕು.

ಆದ್ದರಿಂದ ಮಗನ ಫೋನಿಗೆ ನಿಮ್ಮ ಕೇಬಲ್ ಹಾಕಿದರೆ 80 ವ್ಯಾಟ್ ಹೋಗಿ ಹತ್ತೋ ಹದಿನೈದೋ ಆಗುತ್ತದೆ. ಅವನಿಗೆ ಸಿಟ್ಟು ಬರುವುದು ಸಹಜ. ಬ್ಯಾಟರಿಗೆ ಏನೂ ಆಗುವುದಿಲ್ಲ. ಇನ್ನು ಅವನ ಅಡಾಪ್ಟರ್ ಮತ್ತು ಕೇಬಲ್ ಎರಡನ್ನೂ ನೀವು ಬಳಸಿದರೆ? 80 ವ್ಯಾಟ್ ನಿಮ್ಮ ಫೋನಿಗೆ ನುಗ್ಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ನುಗ್ಗುವುದಿಲ್ಲ. ಎಲ್ಲ ಅಡಾಪ್ಟರ್‌ಗಳೂ 5 ವೋಲ್ಟ್‌ನಿಂದಲೇ ಶುರು ಮಾಡುತ್ತವೆ. ಫೋನ್ ಕೇಳಿದರೆ ಮಾತ್ರ ಮೇಲೆ ಹೋಗುತ್ತವೆ. ನಿಮ್ಮ ಫೋನಿಗೆ ಆ ಭಾಷೆ ಬರದಿದ್ದರೆ ಕೇಳುವ ಪ್ರಶ್ನೆಯೇ ಇಲ್ಲ. ತಮಾಷೆ ಅಂದರೆ, ಇಂಥ ಹಲವು ದೊಡ್ಡ ಚಾರ್ಜರ್‌ಗಳು ಬೇರೆ ಕಂಪನಿ ಫೋನಿಗೆ 10 ವ್ಯಾಟ್ ಮಾತ್ರ ಕೊಡುತ್ತವೆ. ನಿಮ್ಮ ಹಳೆ ಅಡಾಪ್ಟರ್ 18 ವ್ಯಾಟಿನದಾಗಿದ್ದರೆ ಅದೇ ಇದಕ್ಕಿಂತ ಬೇಗ ತುಂಬಿಸಬಹುದು.

ಇಷ್ಟು ಹೇಳಿದೆ ಅಂತ ಯಾವ ಕೇಬಲ್ ಆದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಕೇಬಲ್‌ನಿಂದ ಕೆಟ್ಟು ನನ್ನ ಬೆಂಚಿಗೆ ಬರುವುದು ಬ್ಯಾಟರಿ ಅಲ್ಲ, ಫೋನಿನ ಚಾರ್ಜಿಂಗ್ ಪಿನ್, ಅಂದರೆ ಕೇಬಲ್ ಚುಚ್ಚುವ ಜಾಗ. ಕೇಬಲ್ ಪಿನ್ ಲೂಸ್ ಆಗಿರುತ್ತದೆ. ಬಗ್ಗಿಸಿ, ತಿರುಗಿಸಿ, ಕೆಳಗೆ ಪೆನ್ ಇಟ್ಟು ಒಂದು ಕೋನದಲ್ಲಿ ನಿಲ್ಲಿಸಿ ಚಾರ್ಜ್ ಮಾಡುತ್ತಾರೆ. ಹಾಗೆ ಅರೆಬರೆ ತಾಗಿಕೊಂಡಿರುವ ಜಾಗದಲ್ಲಿ ತಡೆ ಜಾಸ್ತಿ, ಎಲ್ಲ ಬಿಸಿಯೂ ಆ ಸೂಜಿಮೊನೆಯಷ್ಟು ಜಾಗದಲ್ಲೇ. ಪಿನ್ ಕಂದುಬಣ್ಣಕ್ಕೆ ತಿರುಗುತ್ತದೆ, ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. ಬೆವರೋ ನೀರೋ ತಾಗಿದ್ದರಂತೂ ಇನ್ನೂ ಬೇಗ. ಕೇಬಲ್ ತುದಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇದೆ ಅಂದರೆ ಅವತ್ತೇ ಬಿಸಾಡಿ. ಒಳಗಿನ ತಂತಿ ಕಾಣುತ್ತಿದೆ ಅಂತ ಇನ್ಸುಲೇಷನ್ ಟೇಪ್ ಸುತ್ತಿಟ್ಟುಕೊಳ್ಳುವುದೂ ಬೇಡ.

ಅಪರೂಪದ ಇನ್ನೊಂದು ಅಪಾಯ ಇದೆ, ಅದು ತಪ್ಪಾಗಿ ತಯಾರಾದ ಕೇಬಲ್‌ನದು. ಒಂದು ತುದಿ ಹಳೆಯ ಅಗಲ ಪಿನ್, ಇನ್ನೊಂದು ತುದಿ ಸಿ ಪಿನ್ ಇರುವ ಕೇಬಲ್‌ನೊಳಗೆ 56 ಕಿಲೋ ಓಮ್‌ನ ಒಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಇರಬೇಕು. ‘ಆ ಕಡೆ ಇರುವುದು ಹಳೆ ಕಾಲದ ಸಾಕೆಟ್, ಜಾಸ್ತಿ ಎಳೆಯಬೇಡ’ ಅಂತ ಅದು ಫೋನಿಗೆ ಸನ್ನೆ ಮಾಡುತ್ತದೆ. ಅದರ ಜಾಗದಲ್ಲಿ 10 ಕಿಲೋ ಓಮ್ ಹಾಕಿದರೆ ಫೋನ್ 3 ಆಂಪಿಯರ್ ಎಳೆಯಲು ಹೊರಡುತ್ತದೆ. ಆಗ ಪೆಟ್ಟು ಬೀಳುವುದು ಫೋನಿಗಲ್ಲ, ಆ ಕಡೆಯ ಬಡಪಾಯಿ ಅಡಾಪ್ಟರ್‌ಗೆ ಅಥವಾ ಲ್ಯಾಪ್‌ಟಾಪ್‌ಗೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲೆಯುಂಗ್ 2015ರಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಇಂಥ ಕೇಬಲ್‌ಗಳನ್ನು ಒಂದೊಂದಾಗಿ ತರಿಸಿ ಪರೀಕ್ಷಿಸತೊಡಗಿದರು. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಬಿಚ್ಚಿ ನೋಡಿದರೆ ಪ್ಲಸ್ ಮತ್ತು ಗ್ರೌಂಡ್ ತಂತಿಗಳನ್ನೇ ಅದಲು ಬದಲು ಬೆಸುಗೆ ಹಾಕಿದ್ದರು! ಅದು ಹತ್ತು ವರ್ಷದ ಹಿಂದಿನ ಮಾತು, ಈಗ ಸ್ಥಿತಿ ಎಷ್ಟೋ ವಾಸಿ. ಆದರೂ ಹೆಸರೇ ಇಲ್ಲದ, ಪ್ಯಾಕೆಟ್ ಇಲ್ಲದ ಕೇಬಲ್‌ನಲ್ಲಿ ಒಳಗೆ ಏನಿದೆ ಅಂತ ಹೊರಗಿನಿಂದ ನನಗೂ ಗೊತ್ತಾಗುವುದಿಲ್ಲ.

ಚಾರ್ಜಿಗೆ ಹಾಕಿದಾಗ ಟಚ್ ತಾನಾಗಿಯೇ ಕುಣಿಯುತ್ತದೆ, ಒತ್ತದೇ ಆ್ಯಪ್ ತೆರೆದುಕೊಳ್ಳುತ್ತದೆ ಎನ್ನುವ ದೂರೂ ಬರುತ್ತಿರುತ್ತದೆ. ಅದರಲ್ಲಿ ಬಹುತೇಕ ಸಲ ತಪ್ಪು ಕಳಪೆ ಅಡಾಪ್ಟರ್‌ನದು. ಕೇಬಲ್ಲಿಗಿಂತ ಅಡಾಪ್ಟರ್ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಯಾಕೆಂದರೆ 230 ವೋಲ್ಟ್ ಇರುವುದು ಅದರೊಳಗೆ. ನಮ್ಮ ದೇಶದಲ್ಲಿ ಮಾರುವ ಮೊಬೈಲ್ ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಮೂರು ಚಾರ್ಜರ್ ಅಂದಿರಲ್ಲ, ಮೂರನ್ನೂ ಇವತ್ತೇ ತಿರುಗಿಸಿ ನೋಡಿ.

ಈಗ ದಿಂಬು.

ಲಿಥಿಯಂ-ಅಯಾನ್ ಬ್ಯಾಟರಿ ಮುಪ್ಪಾಗುವುದು ಮುಖ್ಯವಾಗಿ ಮೂರು ಕಾರಣಕ್ಕೆ. ಎಷ್ಟು ಸಲ ತುಂಬಿ ಖಾಲಿಯಾಯಿತು, ಎಷ್ಟು ಹೊತ್ತು ತುಂಬಿದ ಹೊಟ್ಟೆಯಲ್ಲೇ ಕೂತಿತ್ತು, ಎಷ್ಟು ಬಿಸಿಯಲ್ಲಿತ್ತು. ಮೊದಲನೆಯದಕ್ಕೆ ಲೆಕ್ಕ ಹಾಕೋಣ. ಎರಡೂವರೆ ವರ್ಷ ಅಂದರೆ ಸುಮಾರು 900 ದಿನ. ದಿನಕ್ಕೆ ಶೇ. 80ರಷ್ಟು ಬಳಸಿದ್ದೀರಿ ಅಂದುಕೊಂಡರೂ 720 ಪೂರ್ತಿ ಸುತ್ತು ಆಯಿತು. ಹೋಲಿಕೆಗೆ ಹೇಳುತ್ತೇನೆ: ಆ್ಯಪಲ್ ಕಂಪನಿ ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ 500 ಸುತ್ತಿನ ನಂತರ ಶೇ. 80 ಸಾಮರ್ಥ್ಯ ಉಳಿಯುವಂತೆ ಬ್ಯಾಟರಿ ಮಾಡಿದ್ದೇವೆ ಅನ್ನುತ್ತದೆ, ಐಫೋನ್ 15ರಿಂದ ಅದನ್ನು 1000 ಸುತ್ತು ಎಂದಿದೆ. ಯುರೋಪಿನಲ್ಲಿ 2025ರ ಜೂನ್‌ನಿಂದ ಮಾರುಕಟ್ಟೆಗೆ ಬರುವ ಫೋನ್‌ಗಳಿಗೆ 800 ಸುತ್ತಿನ ಮಟ್ಟವನ್ನು ಕಾನೂನೇ ಹೇಳುತ್ತದೆ. ಅಂದರೆ ನಿಮ್ಮ ಬ್ಯಾಟರಿಗೆ ವಯಸ್ಸಾಗಿದೆ. ಯಾವ ಕೇಬಲ್ ಹಾಕಿದ್ದರೂ ಇಷ್ಟು ಹೊತ್ತಿಗೆ ಸುಸ್ತಾಗುವುದೇ.

ಆದರೆ ಮಧ್ಯಾಹ್ನ ಮೂರಕ್ಕೇ ಶೇ. 20 ಎನ್ನುವುದು ಬರೀ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಅನಿಸುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ ತಾನಾಗಿಯೇ ಬೆಚ್ಚಗಾಗುತ್ತದೆ. ಆ ಬಿಸಿ ಫೋನಿನ ಬೆನ್ನಿನಿಂದ ಗಾಳಿಗೆ ಹೋಗಬೇಕು. ಹತ್ತಿಯ ದಿಂಬು, ಕೆಳಗೆ ಹಾಸಿಗೆ, ಮೇಲೆ ತಲೆ. ಎಲ್ಲಿಗೆ ಹೋಗಬೇಕು ಹೇಳಿ? ಸುತ್ತಲಿನ ಶಾಖ 35 ಡಿಗ್ರಿ ದಾಟಿದರೆ ಬ್ಯಾಟರಿಯ ಸಾಮರ್ಥ್ಯಕ್ಕೆ ಶಾಶ್ವತ ಪೆಟ್ಟು ಬೀಳಬಹುದು ಎಂದು ಆ್ಯಪಲ್ ತನ್ನ ಗ್ರಾಹಕರಿಗೆ ಎಚ್ಚರಿಸುತ್ತದೆ. ದಾವಣಗೆರೆಯ ಏಪ್ರಿಲ್ ಹಗಲಲ್ಲಿ ಅದು ಮಾಮೂಲಿ. ರಾತ್ರಿ ತಂಪಾದರೂ ದಿಂಬಿನ ಕೆಳಗೆ ಏಪ್ರಿಲ್ಲೇ. ಅದರ ಮೇಲೆ, ಹತ್ತಕ್ಕೆ ಚಾರ್ಜಿಗೆ ಹಾಕಿದ ಫೋನ್ ಎರಡರ ಹೊತ್ತಿಗೆ ಫುಲ್ ಆಗುತ್ತದೆ. ಬೆಳಗಿನ ಅಲಾರಂವರೆಗೂ ಅದು ತುಂಬಿದ ಹೊಟ್ಟೆಯಲ್ಲಿ, ಬಿಸಿಯಲ್ಲಿ. ಫುಲ್ ಆದ ಮೇಲೆ ಚಿಪ್ ಚಾರ್ಜ್ ನಿಲ್ಲಿಸುತ್ತದೆ ನಿಜ, ‘ಓವರ್ ಚಾರ್ಜ್’ ಆಗುವುದಿಲ್ಲ. ಆದರೆ ಪೂರ್ತಿ ತುಂಬಿದ ಸ್ಥಿತಿ ಮತ್ತು ಬಿಸಿ ಎರಡೂ ಸೇರುವುದಕ್ಕಿಂತ ಕೆಟ್ಟದ್ದು ಬ್ಯಾಟರಿಗೆ ಇಲ್ಲ. ಇದಕ್ಕೆಲ್ಲ ದಾರಿ ಮಾಡಿಕೊಟ್ಟದ್ದು ಆ ಎರಡು ಮೀಟರ್ ಉದ್ದದ ಕೇಬಲ್. ನಿಮ್ಮ ಹಳೆ ಕೇಬಲ್ ಮಂಚದವರೆಗೆ ಬರುತ್ತಿರಲಿಲ್ಲ, ಅಲ್ವಾ? ಕೇಬಲ್ಲಿನ ಪಾತ್ರ ಸ್ವಲ್ಪ ಇದೆ ಅಂದದ್ದು ಇದಕ್ಕೇ.

ಬ್ಯಾಟರಿ ಬಿಡಿ, ದಿಂಬಿನ ಕೆಳಗೆ ಚಾರ್ಜ್ ಆಗುವ ಫೋನ್ ಬೆಂಕಿಗೂ ದಾರಿ. ಅಲಾರಂ ಬೇಕಾದರೆ ಸೌಂಡ್ ಜಾಸ್ತಿ ಮಾಡಿ ಸ್ಟೂಲಿನ ಮೇಲೆ ಇಡಿ. ಏಳಲೂ ಅದು ಒಳ್ಳೆಯದು.

ಹಾಗಾದರೆ ಈಗ ಏನು ಮಾಡುವುದು? ದುಡ್ಡು ಖರ್ಚು ಮಾಡುವ ಮೊದಲು ಒಂದು ಟೂತ್‌ಪಿಕ್ ತಗೊಳ್ಳಿ, ಮರದ್ದು. ಫೋನ್ ಪೂರ್ತಿ ಆಫ್ ಮಾಡಿ ಚಾರ್ಜಿಂಗ್ ಪಿನ್ನಿನ ಒಳಗೆ ಮೆಲ್ಲಗೆ ಕೆದಕಿ. ಪರ್ಸ್, ಜೇಬಿನಲ್ಲಿಟ್ಟ ಫೋನ್‌ಗಳಲ್ಲಿ ಬಟ್ಟೆಯ ಜುಂಗು ಒತ್ತಿಕೊಂಡು ಒಳ್ಳೆ ಕಂಬಳಿಯ ಹಾಗೆ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಪಿನ್ನು, ಗುಂಡುಸೂಜಿ ಹಾಕಬೇಡಿ. ಮೊದಲು ಶುಚಿ ಮಾಡಿ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಹಿರಿಯರ ಫೋನಿಗೆ ಕೇಬಲ್ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ದುಡ್ಡೂ ಇಸ್ಕೊಂಡೆ. ಮೂರನೇ ದಿನ ಅದೇ ದೂರು ಹೊತ್ತು ವಾಪಸ್ ಬಂದರು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನೊಳಗೆ ಪಂಚೆಯ ನೂಲಿನ ಉಂಡೆ. ದುಡ್ಡು ವಾಪಸ್ ಕೊಟ್ಟೆ, ಅವರು ತಗೊಳ್ಳಲಿಲ್ಲ. ‘ಮುಂದಿನವರಿಗೆ ಮೊದಲು ಇದನ್ನು ನೋಡಪ್ಪ’ ಅಂದರು.

ಶುಚಿ ಮಾಡಿದ ಮೇಲೆ ಕೇಬಲ್ ಪರೀಕ್ಷೆ. ಫೋನ್ ಶೇ. 30ಕ್ಕೆ ಇಳಿದಾಗ ನಿಮ್ಮ ಅಡಾಪ್ಟರ್‌ನಲ್ಲೇ, ನೂರು ರೂಪಾಯಿ ಕೇಬಲ್ ಹಾಕಿ, ಡೇಟಾ ಆಫ್ ಮಾಡಿ, ಸ್ಕ್ರೀನ್ ಮುಟ್ಟದೆ ಅರ್ಧ ಗಂಟೆ ಬಿಡಿ. ಎಷ್ಟಾಯಿತು ಬರೆದುಕೊಳ್ಳಿ. ಮಾರನೇ ದಿನ ಅದೇ ಅಡಾಪ್ಟರ್, ಅದೇ ಶೇ. 30, ಬೇರೆ ಒಳ್ಳೆ ಕೇಬಲ್. ಮಗ ಒಪ್ಪಿದರೆ ಅವನದು. ಬೇರೆ ಏನನ್ನೂ ಬದಲಾಯಿಸಬೇಡಿ, ಇಲ್ಲದಿದ್ದರೆ ಯಾರ ತಪ್ಪು ಅಂತ ಗೊತ್ತಾಗುವುದಿಲ್ಲ. ಒಂದರಲ್ಲಿ 60 ದಾಟಿ ಇನ್ನೊಂದರಲ್ಲಿ 45ರ ಹತ್ತಿರವೇ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಎರಡರಲ್ಲೂ ಒಂದೇ ಬಂದರೆ ಅಡಾಪ್ಟರ್ ಅಥವಾ ಫೋನಿನ ಪಿನ್ ನೋಡಬೇಕು.

ಹೊಸ ಕೇಬಲ್ ಕೊಳ್ಳುವಾಗ ಮೊದಲು ಉದ್ದ ನೋಡಿ. ಒಂದು ಮೀಟರ್ ಸಾಕು. ಪ್ಯಾಕೆಟ್ ಮೇಲೆ 3 ಆಂಪಿಯರ್ ಅಥವಾ 60 ವ್ಯಾಟ್ ಎಂದಿರಲಿ. ಮೈಮೇಲೆ ಸಣ್ಣ ಅಕ್ಷರದಲ್ಲಿ ಗೇಜ್ ಬರೆದಿದ್ದರೆ 24 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಹುಡುಕಿ. ‘28/1ಪಿ, 24/2ಸಿ’ ಎನ್ನುವ ತರಹ ಎರಡು ಸಂಖ್ಯೆ ಇದ್ದರೆ 28 ಡೇಟಾ ತಂತಿಯದು, 24 ಕರೆಂಟ್ ತಂತಿಯದು. ಪ್ಯಾಕೆಟ್ ಮೇಲಿನ ‘ಸೂಪರ್ ಫಾಸ್ಟ್ 120 ವ್ಯಾಟ್’ ಎಂಬ ದೊಡ್ಡಕ್ಷರವನ್ನು ನಂಬಬೇಡಿ, ಅದನ್ನು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಒಂದೇ ಸಾಲಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ನೇತಾಡುತ್ತಿರುತ್ತವೆ. ಬಿಲ್ ಕೊಟ್ಟು, ಆರು ತಿಂಗಳು ಬದಲಾಯಿಸಿ ಕೊಡುತ್ತೇವೆ ಅನ್ನುವ ಅಂಗಡಿಯಲ್ಲಿ ತಗೊಳ್ಳಿ. ನಿಮ್ಮದು ಹಳೆ ಅಡಾಪ್ಟರ್ ಆದ್ದರಿಂದ ಒಂದು ತುದಿ ಅಗಲ ಪಿನ್ ಇರುವುದೇ ಬೇಕಾಗಬಹುದು, ನೋಡಿಕೊಳ್ಳಿ. ಅಂಥದ್ದು ಮನೆಯಲ್ಲಿ ಒಂದು ಇರುವುದು ಹೇಗೂ ಒಳ್ಳೆಯದು. ಅಗ್ಗದ ಕೆಲವು ನೆಕ್‌ಬ್ಯಾಂಡ್, ಟ್ರಿಮ್ಮರ್, ಟಾರ್ಚ್‌ಗಳು ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ. ತಯಾರಿಸಿದವರು ಒಂದೆರಡು ಪುಟ್ಟ ರೆಸಿಸ್ಟರ್ ಉಳಿಸಿರುತ್ತಾರೆ. ಜನ ಕೇಬಲ್ ಕೆಟ್ಟಿದೆ ಅಂತ ಬೈಯುತ್ತಾರೆ.

ಬ್ಯಾಟರಿಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, ಈಗಿರುವುದರಲ್ಲೇ ಸುಧಾರಿಸುವುದು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಹುಡುಕಿದರೆ ಈಗಿನ ಹಲವು ಫೋನ್‌ಗಳಲ್ಲಿ ಶೇ. 80ಕ್ಕೆ ನಿಲ್ಲಿಸುವ ಅಥವಾ ಏಳುವ ಹೊತ್ತಿಗೆ ಫುಲ್ ಮಾಡುವ ಆಯ್ಕೆ ಇರುತ್ತದೆ. ಸಂಜೆ ಮನೆಗೆ ಬಂದು ಒಂದು ಗಂಟೆ ಚಾರ್ಜ್ ಮಾಡಿ ರಾತ್ರಿ ತೆಗೆದಿಡುವುದೂ ಆಗುತ್ತದೆ. ಇದರಿಂದ ಹೋದ ಸಾಮರ್ಥ್ಯ ವಾಪಸ್ ಬರುವುದಿಲ್ಲ, ಹೋಗುವ ವೇಗ ಕಡಿಮೆ ಆಗುತ್ತದೆ. ಮೂರಕ್ಕೆ ಶೇ. 20 ಎಂಬ ಕಷ್ಟ ಹಾಗೇ ಉಳಿಯುತ್ತದೆ. ಶಾಲೆಯಲ್ಲಿ ಮಧ್ಯಾಹ್ನ ಅರ್ಧ ಗಂಟೆ ಚಾರ್ಜ್ ಮಾಡುವ ಅನುಕೂಲ ಇದ್ದರೆ ಸಾಕಾದೀತು.

ಎರಡು, ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಾಯಿಸುವುದು. ನಾನಾದರೆ ಇದನ್ನೇ ಮಾಡುತ್ತೇನೆ. ಹೊರಗಿನ ಅಂಗಡಿಗಿಂತ ದುಬಾರಿ, ಒಂದೆರಡು ದಿನ ಕಾಯಬೇಕಾಗಬಹುದು. ಆದರೆ ಹೊಸ ಫೋನಿನ ಬೆಲೆ ಎದುರು ಅದು ಏನೂ ಅಲ್ಲ. ಕೊಡುವ ಮೊದಲು ಫೋಟೋ, ಕಾಂಟ್ಯಾಕ್ಟ್ ಎಲ್ಲ ಬ್ಯಾಕಪ್ ಮಾಡಿ.

ಮೂರು, ಪರಿಚಯದ ರಿಪೇರಿ ಅಂಗಡಿ. ನಾನೇ ಈ ಕಸುಬಿನವನು, ಬೈಯಲಾರೆ. ಒಳ್ಳೆಯ ಕೈಗಳು ತುಂಬಾ ಇವೆ. ಅಪಾಯ ಇರುವುದು ಕೈಯಲ್ಲಿ ಅಲ್ಲ, ಬ್ಯಾಟರಿಯಲ್ಲಿ. ಒರಿಜಿನಲ್ ಅಂತ ಬರೆದ ಡೂಪ್ಲಿಕೇಟ್‌ಗಳು ಮೂರೇ ತಿಂಗಳಿಗೆ ಉಬ್ಬಿದ್ದನ್ನು ನೋಡಿದ್ದೇನೆ. ಹಿಂದಿನ ಗಾಜು ಬಿಸಿ ಮಾಡಿ ತೆಗೆದ ಮೇಲೆ ನೀರು ತಡೆಯುವ ಅಂಟೂ ಮೊದಲಿನಂತೆ ಇರುವುದಿಲ್ಲ. ಬ್ಯಾಟರಿ ಮೇಲೆ ಬಿಐಎಸ್ ಗುರುತು ಇದೆಯಾ ನೋಡಿ, ಬಿಲ್‌ನಲ್ಲಿ ವಾರಂಟಿ ಬರೆಸಿ, ನಿಮ್ಮ ಎದುರೇ ಹಾಕಿಸಿ.

ಫೋನ್ ಹೊಸದು ತಗೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಮಾತ್ರ ಮೇಲಿನದ್ದನ್ನೆಲ್ಲ ಪಕ್ಕಕ್ಕಿಡಿ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಾಗ ಚಕ್ರದ ಹಾಗೆ ತಿರುಗಿದರೆ, ಸ್ಕ್ರೀನ್ ಅಥವಾ ಹಿಂದಿನ ಮುಚ್ಚಳ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ. ಒತ್ತಿ ಕೂರಿಸಬೇಡಿ, ಚಾರ್ಜಿಗೆ ಹಾಕಬೇಡಿ, ಆಫ್ ಮಾಡಿ ಅವತ್ತೇ ತೋರಿಸಿ. ದಿಂಬಿನ ಕೆಳಗೆ ಇಟ್ಟ ಫೋನ್ ಆದ್ದರಿಂದ ಇದನ್ನು ಈಗಲೇ ಒಮ್ಮೆ ನೋಡಿಬಿಡಿ.

ಕೊನೆಯದಾಗಿ, ಒಬ್ಬೊಬ್ಬರಿಗೂ ಒಂದೊಂದು ಕೇಬಲ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಸಿ ಪಿನ್ ಫೋನ್‌ಗಳಿಗೆಲ್ಲ ಸೇರಿ ಒಂದು ಮೀಟರಿನ ಎರಡು ಒಳ್ಳೆ ಕೇಬಲ್ ಸಾಕು. ಐದರಲ್ಲಿ ಯಾರದಾದರೂ ಕೀಪ್ಯಾಡ್ ಫೋನ್ ಇದ್ದರೆ ಅದರ ಸಣ್ಣ ಪಿನ್ ಕೇಬಲ್ ಬೇರೆ ಇಡಿ. ಮಗನ ಕೇಬಲ್ಲಿಗೆ ಒಂದು ಬಣ್ಣದ ದಾರ ಕಟ್ಟಿ ಅವನಿಗೇ ಬಿಟ್ಟುಬಿಡಿ. ಆ ಎರಡು ಮೀಟರಿನದನ್ನು ಯಾರೂ ಮಂಚಕ್ಕೆ ಎಳೆಯದ ಜಾಗದಲ್ಲಿ, ಆ ಟ್ರಿಮ್ಮರ್‌ಗೋ ಟಾರ್ಚ್‌ಗೋ ಇಟ್ಟುಕೊಳ್ಳಿ.